ಬಿಆರ್‌ಸಿಎ ನೆಗೆಟಿವ್ ಬಂತು, ಭಯ ಮಾತ್ರ ಹೋಗಿಲ್ಲ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ತಿಪಟೂರಿನ ಹತ್ತಿರ ಪ್ರೈಮರಿ ಶಾಲೆ ಟೀಚರ್. ಅಮ್ಮನಿಗೆ 44ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಈಗ 61, ಆರಾಮಾಗಿದ್ದಾರೆ. ಹೋದ ವರ್ಷ ಚಿಕ್ಕಮ್ಮನಿಗೂ ಬಂತು, 52ಕ್ಕೆ. ಟ್ರಿಪಲ್ ನೆಗೆಟಿವ್ ಅಂದರು. ಹೆದರಿ ನಾನು ರಕ್ತ ಕೊಟ್ಟು, ವಂಶದಲ್ಲಿ ಬರುವ ಸ್ತನ ಕ್ಯಾನ್ಸರಿನ ಜೀನ್ ದೋಷ ಹುಡುಕುವ ಬಿಆರ್‌ಸಿಎ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಉಸಿರು ಬಿಡುವಷ್ಟರಲ್ಲಿ, ರೋಗನಿರೋಧಕ ಶಕ್ತಿಯ ಜೀನ್‌ಗಳಿಂದಲೂ ಸ್ತನ ಕ್ಯಾನ್ಸರ್ ಬರಬಹುದು ಎಂದು ಎಲ್ಲೋ ಓದಿದೆ. ಒಂದು ಲ್ಯಾಬಿನವರು ಫೋನ್ ಮಾಡಿ ‘ಇಮ್ಯೂನಿಟಿ ಜೀನ್ ಪ್ಯಾಕೇಜ್’ ಇದೆ, ನೀವೂ ಮಗಳೂ ಇಬ್ಬರೂ ಮಾಡಿಸಿಕೊಳ್ಳಿ ಅಂತಿದ್ದಾರೆ. ಮಗಳಿಗೆ 11 ವರ್ಷ. ನಮ್ಮಮ್ಮ ಜ್ವರ ಅಂತ ಒಂದು ದಿನ ಮಲಗಿದವರಲ್ಲ. ಅಂಥವರಿಗೆ ಇದು ಹೇಗೆ ಬಂತು? ನಮ್ಮತ್ತೆ ‘ನಿಮ್ಮ ಕಡೆಯ ರಕ್ತವೇ ಸರಿ ಇಲ್ಲ’ ಅಂತಾರೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಟೀಚರ್. ಮೊದಲು ಕೆಲಸದ ಮಾತು. ಆ ಪ್ಯಾಕೇಜಿಗೆ ದುಡ್ಡು ಕೊಡಬೇಡಿ. ಮಗಳ ರಕ್ತವನ್ನಂತೂ ಕೊಡಲೇಬೇಡಿ. ಹಾಗಂತ ನೀವು ಓದಿದ್ದು ಸುಳ್ಳೂ ಅಲ್ಲ. ಅದರ ಒಂದು ತುದಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ನನ್ನ ಸ್ವಂತ ಅಕ್ಕನ ಸ್ಲೈಡಿನಲ್ಲಿ.

ನಾನು ಪೆಥಾಲಜಿ ಡಾಕ್ಟರ್. ರೋಗಿಯ ಮುಖಕ್ಕಿಂತ ಅವರ ಮೈಯಿಂದ ತೆಗೆದ ತುಂಡನ್ನು ನೋಡಿದ್ದೇ ಜಾಸ್ತಿ. ಆಪರೇಷನ್ ಆದಮೇಲೆ ಗಂಟು ನಮ್ಮ ಹತ್ತಿರ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರವಿ ಬಣ್ಣ ಹಾಕುತ್ತೇವೆ. 1996ರಲ್ಲಿ ಅಕ್ಕನಿಗೆ 41 ವರ್ಷ. ಅವಳ ಸ್ಲೈಡನ್ನು ನನ್ನ ಟೇಬಲ್ಲಿಗೆ ಕಳಿಸಬಾರದು ಎಂದು ಸಹೋದ್ಯೋಗಿಗಳು ತಾವೇ ಇಟ್ಟುಕೊಂಡಿದ್ದರು. ಸಂಜೆ ಎಲ್ಲರೂ ಮನೆಗೆ ಹೋದಮೇಲೆ ನಾನೇ ಹೋಗಿ ಟ್ರೇಯಿಂದ ಎತ್ತಿ ಮೈಕ್ರೋಸ್ಕೋಪಿಗಿಟ್ಟೆ. ಕ್ಯಾನ್ಸರ್ ಕೋಶಗಳು ದೊಡ್ಡದಾಗಿ, ಒಂದಕ್ಕೊಂದು ಅಂಟಿಕೊಂಡು, ಅಂಕೆ ಇಲ್ಲದೆ ಹಬ್ಬಿದ್ದವು. ಅವುಗಳ ಸುತ್ತ, ನಡುವೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ, ಸಣ್ಣ ಸಣ್ಣ ಕಡುನೀಲಿ ಚುಕ್ಕಿಗಳು. ಗುಲಾಬಿ ಬಟ್ಟೆಯ ಮೇಲೆ ರಾಗಿ ಚೆಲ್ಲಿದ ಹಾಗೆ. ಅವೇ ಲಿಂಫೋಸೈಟ್‌ಗಳು, ನಮ್ಮ ಕಾವಲಿನ ಬಿಳಿ ರಕ್ತಕಣಗಳು. ಯಾರೂ ಹೇಳಿಕಳಿಸದೆ ಅಕ್ಕನ ಎದೆಯೊಳಗೆ ಬಂದು ಸೇರಿದ್ದವು. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆ ಗೊತ್ತಿಲ್ಲ.

ಆಗ ನಾವು ಅದನ್ನು ರಿಪೋರ್ಟಿನಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಡುತ್ತಿದ್ದೆವು. ಈಗ ಶೇಕಡಾ ಎಷ್ಟು ಎಂದು ಅಂದಾಜು ಮಾಡಿ ಬರೆಯುತ್ತೇವೆ, ಅದರಲ್ಲೂ ಟ್ರಿಪಲ್ ನೆಗೆಟಿವ್, ಅಂದರೆ ಎರಡು ಹಾರ್ಮೋನ್ ಗುರುತುಗಳೂ ಹರ್-2 ಎಂಬ ಪ್ರೋಟೀನಿನ ಗುರುತೂ ಇಲ್ಲದ ಗಂಟುಗಳಲ್ಲಿ. ಆ ಚುಕ್ಕಿಗಳು ಜಾಸ್ತಿ ಇದ್ದಷ್ಟೂ ರೋಗಿಗೆ ಒಳ್ಳೆಯದು ಎಂದು ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ ಗೊತ್ತಾಗಿದೆ. ನಿಮ್ಮ ಚಿಕ್ಕಮ್ಮನ ರಿಪೋರ್ಟಿನಲ್ಲಿ ಅದನ್ನು ಬರೆದಿದ್ದಾರಾ ನೋಡಿ. ಬರೆದಿಲ್ಲದಿದ್ದರೆ ಅವರ ಡಾಕ್ಟರನ್ನು ಕೇಳಿ. ಮೇಣದ ಬ್ಲಾಕ್ ಆಸ್ಪತ್ರೆಯಲ್ಲಿ ಇರುತ್ತದೆ, ಮತ್ತೆ ನೋಡಬಹುದು.

ಒಬ್ಬರ ಗಂಟಿಗೆ ಈ ಕಾವಲಿನವರು ಮುತ್ತಿಗೆ ಹಾಕುತ್ತಾರೆ. ಇನ್ನೊಬ್ಬರ ಗಂಟಿನಲ್ಲಿ ಒಂದೂ ಕಾಣುವುದಿಲ್ಲ. ಯಾಕೆ? ಇಲ್ಲೇ ಹುಟ್ಟಿನಿಂದ ಬಂದ ಜೀನ್‌ಗಳ ಮಾತು ಬರುವುದು.

ನಮ್ಮ ಮೈಯ ಹೆಚ್ಚುಕಮ್ಮಿ ಪ್ರತಿಯೊಂದು ಕೋಶವೂ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಗೆ ತಂದು ತೋರಿಸುತ್ತಾ ಇರುತ್ತದೆ. ‘ನೋಡಿ, ನನ್ನ ಮನೆಯಲ್ಲಿ ಇವತ್ತು ಇದು ನಡೀತಿದೆ’ ಎಂದು. ಕಾವಲಿನ ಕಣಗಳು ಅದನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತವೆ. ಚೂರನ್ನು ಹಿಡಿದು ತೋರಿಸುವ ಕೆಲಸ ಎಚ್‌ಎಲ್‌ಎ ಎಂಬ ಜೀನ್‌ಗಳದ್ದು. ಕಿಡ್ನಿ ಕಸಿ ಮಾಡುವಾಗ ‘ಮ್ಯಾಚ್ ಆಗ್ತಾ’ ಅಂತ ನೋಡುತ್ತಾರಲ್ಲ, ಅದೇ. ಆರನೇ ಕ್ರೋಮೋಸೋಮಿನಲ್ಲಿ ಇವೆ. ಇವುಗಳಷ್ಟು ನಮೂನೆ ಮನುಷ್ಯನ ಬೇರೆ ಜೀನ್‌ಗಳಲ್ಲಿ ಇಲ್ಲ, ಇದುವರೆಗೆ 30,000ಕ್ಕೂ ಹೆಚ್ಚು ಬಗೆ ಪಟ್ಟಿಯಾಗಿವೆ. ಅಡುಗೆಮನೆಯ ಜರಡಿ ನೆನಪಿಸಿಕೊಳ್ಳಿ. ಒಂದರ ಕಣ್ಣಿನಲ್ಲಿ ರವೆ ನಿಲ್ಲುತ್ತದೆ, ಇನ್ನೊಂದರಲ್ಲಿ ಇಳಿದುಹೋಗುತ್ತದೆ. ಹಾಗೆಯೇ ನಿಮ್ಮ ಎಚ್‌ಎಲ್‌ಎ ಹಿಡಿದು ತೋರಿಸುವ ಚೂರು ನಿಮ್ಮ ತಂಗಿಯ ಎಚ್‌ಎಲ್‌ಎಗೆ ಸಿಗದೇ ಇರಬಹುದು. ಒಂದೇ ತಾಯಿತಂದೆಯ ಇಬ್ಬರು ಮಕ್ಕಳಲ್ಲಿ ಪೂರ್ತಿ ಒಂದೇ ಎಚ್‌ಎಲ್‌ಎ ಜೋಡಿ ಬರುವುದು ನಾಲ್ಕರಲ್ಲಿ ಒಂದು ಸಲ.

ಈಗ ನಿಮ್ಮಮ್ಮನ ವಿಷಯ. ಶೀತ ಜ್ವರ ಬರುವುದು ಹೊರಗಿನ ವೈರಸ್‌ನಿಂದ. ಅದನ್ನು ಹಿಡಿಯುವುದು ಕಾವಲಿಗೆ ಸುಲಭ, ಮುಖವೇ ಬೇರೆ. ಕ್ಯಾನ್ಸರ್ ಕೋಶ ಹಾಗಲ್ಲ. ಅದು ನಮ್ಮ ಮನೆಯ ಕೂಸು. ‘ನಮ್ಮವರ ಮೇಲೆ ಕೈ ಎತ್ತಬಾರದು’ ಎಂದು ಕಾವಲಿನ ಕಣಗಳಿಗೆ ಚಿಕ್ಕಂದಿನಿಂದ ಕಲಿಸಿರುತ್ತದೆ ದೇಹ. ಅದಕ್ಕೇ ಒಂದು ದಿನವೂ ಮಲಗದ ಗಟ್ಟಿ ಹೆಂಗಸಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಅಮ್ಮ ತಿಂದದ್ದರಲ್ಲಿ, ಮಾಡಿದ್ದರಲ್ಲಿ ತಪ್ಪು ಹುಡುಕಬೇಡಿ.

2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕ್ಯಾಥ್ಲೀನ್ ಹೂಲಹನ್, ಕ್ರಿಸ್ಟಿನಾ ಕರ್ಟಿಸ್ ಮತ್ತು ಜೊತೆಯವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಕೆಲಸ ಪ್ರಕಟಿಸಿದರು. ನನಗೆ ತುಂಬಾ ಹಿಡಿಸಿದ ಕೆಲಸ ಅದು. 5,870 ಸ್ತನ ಗಂಟುಗಳ ಮಾಹಿತಿ ನೋಡಿದರು. ಹರ್-2 ಎಂಬ ಪ್ರೋಟೀನ್ ವಿಪರೀತ ಜಾಸ್ತಿಯಾಗಿ ಬರುವ ಸ್ತನ ಕ್ಯಾನ್ಸರ್ ಒಂದಿದೆ ಅಲ್ವಾ, ‘ಹರ್-2 ಪಾಸಿಟಿವ್’ ಅಂತೀವಿ. ಕೆಲವರಿಗೆ ಹುಟ್ಟಿನಿಂದ ಬಂದ ಹರ್-2 ಜೀನ್‌ನಲ್ಲೇ ಚಿಕ್ಕ ಚಿಕ್ಕ ವ್ಯತ್ಯಾಸಗಳಿರುತ್ತವೆ. ಅವರ ಎಚ್‌ಎಲ್‌ಎ ಜರಡಿ ಆ ಚೂರುಗಳನ್ನು ಚೆನ್ನಾಗಿ ಹಿಡಿದು ತೋರಿಸುವಂಥದ್ದಾದರೆ, ಹರ್-2 ಹೆಚ್ಚಾಗುತ್ತಿರುವ ಕೋಶವನ್ನು ಕಾವಲು ಮೊದಲೇ ಗುರುತಿಸಿ ಮುಗಿಸಿಬಿಡುತ್ತದೆ ಎನ್ನುವುದು ಅವರ ವಿವರಣೆ. ಅಂಥವರಲ್ಲಿ ಹರ್-2 ಪಾಸಿಟಿವ್ ಬಗೆ ಕಡಿಮೆ ಕಂಡಿತು. ಆದರೆ ಇಷ್ಟೆಲ್ಲಾ ಕಾವಲನ್ನು ದಾಟಿಯೂ ಗಂಟು ಬೆಳೆಯಿತು ಅನ್ನಿ, ಅದು ಹೆಚ್ಚು ಕೆಟ್ಟದ್ದು. ಕಾವಲಿನ ಕಣ್ಣು ತಪ್ಪಿಸುವುದನ್ನು ಕಲಿತೇ ಬೆಳೆದಿರುತ್ತದೆ. ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ ಸಂಕಟಪಡುವ, ಒಂದೂ ನೀಲಿ ಚುಕ್ಕಿ ಇಲ್ಲದ ಗಂಟುಗಳಲ್ಲಿ ಇಂಥವೂ ಇರಬಹುದು.

ನೋಡಿ, ಒಂದೇ ಜೀನ್ ಬಲದ ಕಡೆಯೂ ಹೌದು, ಕೇಡಿನ ಕಡೆಯೂ ಹೌದು. ‘ನಿಮ್ಮ ಇಮ್ಯೂನಿಟಿ ಜೀನ್ ಒಳ್ಳೇದು, ಕೆಟ್ಟದ್ದು’ ಎಂದು ಸ್ಟಾರ್ ಹಾಕಿಕೊಡುವ ರಿಪೋರ್ಟು ನನಗೆ ಒಪ್ಪಿಗೆಯಾಗದ್ದು ಇದಕ್ಕೇ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಅಪೊಬೆಕ್-3 ಎಂಬ ಏಳು ಜೀನ್‌ಗಳ ಗುಂಪು 22ನೇ ಕ್ರೋಮೋಸೋಮಿನಲ್ಲಿ ಸಾಲಾಗಿ ಕೂತಿದೆ. ವೈರಸ್ ಒಳಗೆ ಬಂದರೆ ಅದರ ಡಿಎನ್‌ಎ ಅಕ್ಷರಗಳನ್ನು ಕೆಡಿಸಿ ಹಾಳುಮಾಡುವುದು ಇವುಗಳ ಕೆಲಸ. ಕೆಲವೊಮ್ಮೆ ಕಳ್ಳನಿಗೆಂದು ಇಟ್ಟ ಕುಡುಗೋಲು ಮನೆಯವರಿಗೇ ತಗುಲುತ್ತದೆ. ಎಷ್ಟೋ ಸ್ತನ ಗಂಟುಗಳ ಡಿಎನ್‌ಎಯಲ್ಲಿ ಅಪೊಬೆಕ್ ಮಾಡಿದ ಗಾಯಗಳ ಗುರುತಿದೆ. ಈ ಸಾಲಿನಲ್ಲಿ ಒಂದು ಜೀನ್ ಹುಟ್ಟಿನಿಂದಲೇ ಬಿಟ್ಟುಹೋಗಿರುವ ಜನ ಇದ್ದಾರೆ. ಚೀನಾ, ಜಪಾನ್ ಕಡೆ ಬಹಳ, ಯುರೋಪಿನಲ್ಲಿ ಕಡಿಮೆ. 2013ರಲ್ಲಿ ಚೀನಾದ ಹೆಂಗಸರಲ್ಲಿ ನೋಡಿದಾಗ, ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಇಲ್ಲದವರಿಗೆ ಸ್ತನ ಕ್ಯಾನ್ಸರ್ ಸಾಧ್ಯತೆ ಸುಮಾರು 1.3 ಪಟ್ಟು, ಎರಡೂ ಇಲ್ಲದವರಿಗೆ 1.8 ಪಟ್ಟು ಅಂತ ಬಂತು. ಆಮೇಲೆ ಯುರೋಪಿನ ಕೆಲವು ಕಡೆ ನೋಡಿದರೆ ಆ ಸಂಬಂಧವೇ ಸಿಗಲಿಲ್ಲ. ಒಂದು ಊರಿನ ಹೆಂಗಸರ ಲೆಕ್ಕವನ್ನು ಹಾಗೇ ತಂದು ತಿಪಟೂರಿನ ಟೀಚರ್ ಮೇಲೆ ಹಾಕುವುದು ಸರಿಯಲ್ಲ.

ಲೆಕ್ಕದ ಮಾತು ಬಂತಲ್ಲ, ಅದನ್ನೂ ಬಿಡಿಸಿಬಿಡೋಣ. ನಮ್ಮ ದೇಶದಲ್ಲಿ 1,000 ಹೆಣ್ಣುಮಕ್ಕಳಿದ್ದರೆ 75 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವುದು ಸುಮಾರು 30 ಜನರಿಗೆ. ಇಂಥ ಚಿಕ್ಕ ಜೀನ್ ವ್ಯತ್ಯಾಸಗಳಲ್ಲಿ ಹೆಚ್ಚಿನವು ಸಾಧ್ಯತೆಯನ್ನು ಶೇ. 10ರ ಆಸುಪಾಸಿನಲ್ಲಿ ಏರಿಸುತ್ತವೆ ಅಥವಾ ಇಳಿಸುತ್ತವೆ. ಶೇ. 10 ಅಂದರೆ ಗಾಬರಿ ಆಗುತ್ತದೆ. ಆದರೆ 30 ಇದ್ದದ್ದು 33 ಆಯಿತು, ಅಷ್ಟೆ. ಬಿಆರ್‌ಸಿಎ-1 ಕೆಟ್ಟಿದ್ದರೆ ಮಾತೇ ಬೇರೆ: ಅಂಥ 1,000 ಹೆಂಗಸರಲ್ಲಿ 80 ವರ್ಷದೊಳಗೆ ಸುಮಾರು 700 ಜನರಿಗೆ ಬರುತ್ತದೆ ಎನ್ನುತ್ತದೆ ಹೆಚ್ಚಾಗಿ ಪಾಶ್ಚಾತ್ಯ ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನ. ಅಂದಹಾಗೆ ಬಿಆರ್‌ಸಿಎ ಕಾವಲಿನ ಜೀನ್ ಅಲ್ಲ. ಮುರಿದ ಡಿಎನ್‌ಎಯನ್ನು ರಿಪೇರಿ ಮಾಡುವ ಜೀನ್.

ಈಗ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚುಚ್ಚಿದ ಜಾಗಕ್ಕೆ ಬರುತ್ತೇನೆ. ಅದು ಇಮ್ಯೂನಿಟಿ ಅಲ್ಲ. ‘ನಾನು ಟೆಸ್ಟ್ ಮಾಡಿಸಿದೆ’ ಅಂತ ಬರೆದಿದ್ದೀರಿ. ಅಮ್ಮನಿಗೆ ಮಾಡಿಸಿದಿರಾ? ಚಿಕ್ಕಮ್ಮನಿಗೆ?

ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಅಕ್ಕನ ಗಂಟು ಮೆಡ್ಯುಲರಿ ಎಂಬ ಬಗೆಯದು. ಆ ರೂಪದ ಗಂಟುಗಳು ಬಿಆರ್‌ಸಿಎ-1 ಕೆಟ್ಟಿರುವವರಲ್ಲಿ ಜಾಸ್ತಿ ಕಾಣುತ್ತವೆ. 2015ರಲ್ಲಿ ಅವಳನ್ನು ಒಪ್ಪಿಸಿ ಟೆಸ್ಟ್ ಮಾಡಿಸಿದೆ. ಬಿಆರ್‌ಸಿಎ-1ರಲ್ಲಿ ದೋಷ ಸಿಕ್ಕಿತು. ಜೀನ್‌ನ ಯಾವ ಜಾಗದಲ್ಲಿ, ಯಾವ ಅಕ್ಷರ ತಪ್ಪಿದೆ ಎಂದು ಗೊತ್ತಾದಮೇಲೆ ನಾನು ರಕ್ತ ಕೊಟ್ಟೆ. ನನ್ನಲ್ಲಿ ಅದೇ ಜಾಗ ಸರಿಯಾಗಿತ್ತು. ನನ್ನ ನೆಗೆಟಿವ್‌ಗೆ ಅರ್ಥ ಇತ್ತು, ಯಾಕೆಂದರೆ ಮನೆಯಲ್ಲಿ ಏನು ಹುಡುಕಬೇಕು ಅಂತ ಗೊತ್ತಿತ್ತು. ನಿಮ್ಮ ನೆಗೆಟಿವ್ ಹಾಗಲ್ಲ. ಅಮ್ಮನಲ್ಲಿ ದೋಷ ಇದ್ದು ನಿಮಗೆ ಬರದೇ ಇರಬಹುದು. ಅಥವಾ ಆ ಟೆಸ್ಟ್ ನೋಡದ ಬೇರೆ ಜೀನ್‌ನಲ್ಲಿ ಇರಬಹುದು. ಅಥವಾ ಇಬ್ಬರಿಗೂ ಬಂದದ್ದು ಅನೇಕ ಚಿಕ್ಕ ವ್ಯತ್ಯಾಸಗಳೆಲ್ಲ ಸೇರಿ ಇರಬಹುದು. ಮೂರರಲ್ಲಿ ಯಾವುದು ಅಂತ ನಿಮ್ಮ ರಕ್ತ ಒಂದರಿಂದಲೇ ಹೇಳೋಕೆ ಆಗಲ್ಲ. ಟೆಸ್ಟ್ ಶುರುವಾಗಬೇಕಾದದ್ದು ಕಾಯಿಲೆ ಬಂದವರಿಂದ. ನಿಮಗೆ ಇದನ್ನು ರಕ್ತ ತೆಗೆಯುವ ಮೊದಲೇ ಯಾರಾದರೂ ಹೇಳಬೇಕಿತ್ತು. ಹೇಳದೇ ಇದ್ದದ್ದಕ್ಕೆ ನನಗೆ ಬೇಜಾರಿದೆ.

ಚಿಕ್ಕಮ್ಮನ ಟ್ರಿಪಲ್ ನೆಗೆಟಿವ್ ಒಂದೇ ಸಾಕು ಅವರಿಗೆ ಜೀನ್ ಟೆಸ್ಟ್ ಹೇಳೋಕೆ. ಅಮ್ಮನಿಗೂ 50ರೊಳಗೆ ಬಂದಿದೆ. ಇಬ್ಬರಲ್ಲಿ ಒಬ್ಬರನ್ನು, ಮೊದಲು ಚಿಕ್ಕಮ್ಮನನ್ನೇ, ಕರೆದುಕೊಂಡು ಹೋಗಿ. ಅವರ ಚಿಕಿತ್ಸೆಗೂ ಅದರಿಂದ ಉಪಯೋಗ ಆಗಬಹುದು, ಬಿಆರ್‌ಸಿಎ ದೋಷ ಇದ್ದವರಿಗೆ ಕೆಲಸ ಮಾಡುವ ಮಾತ್ರೆಗಳಿವೆ. ಬೆಂಗಳೂರಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಜೆನೆಟಿಕ್ ಕೌನ್ಸೆಲರ್ ಇರುತ್ತಾರೆ. ನಿಮ್ಮ ರಿಪೋರ್ಟನ್ನೂ ತೋರಿಸಿ ಎರಡು ವಿಷಯ ಕೇಳಿ: ಬಿಆರ್‌ಸಿಎ-1, ಬಿಆರ್‌ಸಿಎ-2 ಎರಡನ್ನು ಮಾತ್ರ ನೋಡಿದ್ದಾರಾ, ಪಾಲ್ಬ್-2, ಎಟಿಎಂ, ಚೆಕ್-2 ಎಂಬ ಬೇರೆ ಜೀನ್‌ಗಳೂ ಇವೆಯಾ? ಜೀನ್‌ನ ದೊಡ್ಡ ತುಂಡೇ ಕಳೆದುಹೋಗಿದ್ದರೆ ಅದನ್ನು ಹಿಡಿಯುವ ಪರೀಕ್ಷೆಯೂ ಆಗಿದೆಯಾ?

ಟೆಸ್ಟಿನ ಉತ್ತರ ಏನೇ ಬರಲಿ, ನಿಮಗೆ ಈಗಲೇ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಶುರು ಆಗಬೇಕು. ಅಮ್ಮನಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಅಂದರೆ 34ಕ್ಕೇ ಶುರು ಆಗಬೇಕಿತ್ತು. ನಿಮ್ಮ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ, ಜೊತೆಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೂಡ ಮಾಡಬಹುದು. ಎಂಆರ್‌ಐ ಬೇಕಾ ಅಂತ ಡಾಕ್ಟರು ಲೆಕ್ಕ ಹಾಕಿ ಹೇಳುತ್ತಾರೆ. ದಸರಾ ರಜೆಗೆ ಕಾಯಬೇಡಿ, ಒಂದು ದಿನ ರಜೆ ಹಾಕಿ.

ಮಗಳಿಗೆ ಈಗ ಯಾವ ಟೆಸ್ಟೂ ಬೇಡ. ಇದು ದೊಡ್ಡವರಾದಮೇಲೆ ಬರುವ ಕಾಯಿಲೆ. ಮಾಡಿಸಬೇಕೋ ಬೇಡವೋ ಎನ್ನುವುದು 18 ದಾಟಿದಮೇಲೆ ಅವಳೇ ಯೋಚಿಸಿ ಹೇಳಬೇಕಾದ ಮಾತು.

ಅತ್ತೆಯವರಿಗೆ ನನ್ನ ಹೆಸರು ಹೇಳಿ ತಿಳಿಸಿ: ಕೆಟ್ಟ ರಕ್ತ, ಒಳ್ಳೆ ರಕ್ತ ಅಂತ ಇಲ್ಲಮ್ಮ. ನಮ್ಮ ಹಿರಿಯರು ಮಲೇರಿಯಾ, ಸಿಡುಬು, ಪ್ಲೇಗು ದಾಟಿ ಉಳಿದದ್ದು ಈ ಕಾವಲಿನ ಜೀನ್‌ಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ ಇದ್ದದ್ದರಿಂದ. ಪಶ್ಚಿಮ ಆಫ್ರಿಕಾದ ಜನರ ‘ಡಫಿ’ ಜೀನ್ ನೋಡಿ. ಅದರ ಒಂದು ಬದಲಾವಣೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾದಿಂದ ಕಾಪಾಡಿತು. ಈಗ ಅದೇ ಬದಲಾವಣೆ ಅವರ ವಂಶದ ಹೆಂಗಸರ ಟ್ರಿಪಲ್ ನೆಗೆಟಿವ್ ಗಂಟುಗಳ ಜೊತೆ ತಳುಕು ಹಾಕಿಕೊಂಡಿದೆಯಾ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಅದನ್ನು ಕೆಟ್ಟ ರಕ್ತ ಅನ್ನೋಕಾಗುತ್ತಾ? ಮಕ್ಕಳನ್ನು ಉಳಿಸಿದ ರಕ್ತ ಅದು.

ಪ್ರಶ್ನೆ: ನನಗ 52 ವರ್ಷರೀ. ಎಂಟು ವರ್ಷದಿಂದ ರುಮಟಾಯ್ಡ್ ಕೀಲುವಾತ. ‘ನಿಮ್ಮ ರೋಗನಿರೋಧಕ ಶಕ್ತಿ ನಿಮ್ಮ ಮೈಮ್ಯಾಲೇ ತಿರುಗಿ ಬಿದ್ದೈತಿ’ ಅಂದ್ರು ಡಾಕ್ಟರು. ಹಂಗಾದ್ರ ಸ್ತನ ಕ್ಯಾನ್ಸರ್ ಬರೋದು ಜಾಸ್ತಿ ಏನ್ರೀ? ಮಾತ್ರೆ ಬಿಡ್ಲೇನು? (ಗದಗ)

ಉತ್ತರ: ಮಾತ್ರೆ ಬಿಡಬೇಡಿ ಅಕ್ಕ. ರುಮಟಾಯ್ಡ್ ಇರುವವರಲ್ಲಿ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿದೆ. ಸ್ತನ ಕ್ಯಾನ್ಸರ್ ಮಾತ್ರ ಬೇರೆಯವರಿಗಿಂತ ಜಾಸ್ತಿ ಇಲ್ಲ, ಹಲವು ಅಧ್ಯಯನ ಒಟ್ಟಿಗೆ ನೋಡಿದಾಗ ಒಂದಿಷ್ಟು ಕಮ್ಮಿಯೇ ಇತ್ತು. ಆದರೂ ನಿಮಗೆ 50 ದಾಟಿದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು 1,51,538 ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಒಂದು ವಿಷಯ ಹೇಳಿದರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನವನ್ನು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರೆ ಸಾಕು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿಯಿತು. ದೊಡ್ಡ ಮಿಷನ್ ಏನೂ ಇಲ್ಲದೆ. ಕೀಲುನೋವಿಗೆ ಆಸ್ಪತ್ರೆಗೆ ಹೋಗೇ ಹೋಗ್ತೀರಿ, ಅದೇ ದಿನ ಇದನ್ನೂ ಮಾಡಿಸಿಕೊಂಡು ಬನ್ನಿ. ಕೈಬೆರಳು ಮರಗಟ್ಟಿ ನೀವೇ ಮುಟ್ಟಿ ನೋಡಿಕೊಳ್ಳುವುದು ಕಷ್ಟ ಅಂತ ನನಗೆ ಗೊತ್ತು.

ಪ್ರಶ್ನೆ: ನಾನು ಸೋದರಮಾವನನ್ನೇ ಮದುವೆಯಾಗಿದ್ದೇನೆ. ಇಬ್ಬರು ಹೆಣ್ಣುಮಕ್ಕಳು. ಅವರಿಗೆ ರೋಗನಿರೋಧಕ ಜೀನ್ ಕಮ್ಮಿ ಇರುತ್ತಾ? ಸ್ತನ ಕ್ಯಾನ್ಸರ್ ಭಯ ಇದೆಯಾ? (ಮಂಡ್ಯ)

ಉತ್ತರ: ಜೀನ್ ಕಮ್ಮಿ ಇರುವುದಿಲ್ಲ. ನಮೂನೆ ಕಮ್ಮಿ ಇರಬಹುದು. ಅಪ್ಪ ಅಮ್ಮ ರಕ್ತಸಂಬಂಧಿಗಳಾದರೆ ಮಗುವಿಗೆ ಎರಡೂ ಕಡೆಯಿಂದ ಒಂದೇ ಥರದ ಎಚ್‌ಎಲ್‌ಎ ಬರುವ ಸಂಭವ ಜಾಸ್ತಿ. ಮೇಲೆ ಹೇಳಿದ ಜರಡಿ ಎರಡರ ಬದಲು ಒಂದೇ ಆದ ಹಾಗೆ. ಆದರೆ ಇದರಿಂದ ಸ್ತನ ಕ್ಯಾನ್ಸರ್ ಜಾಸ್ತಿ ಆಗುತ್ತದೆ ಎಂದು ಸಾಬೀತಾಗಿಲ್ಲ. ಕುಟುಂಬದಲ್ಲಿ ಯಾರಿಗೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇಲ್ಲದಿದ್ದರೆ ಈ ಭಯ ಇಟ್ಟುಕೊಳ್ಳಬೇಡಿ. ಇದ್ದರೆ ಮಾತ್ರ ಯಾರಿಗೆ, ಎಷ್ಟು ವಯಸ್ಸಿಗೆ ಎಂದು ವಿವರವಾಗಿ ಬರೆದು ಕಳಿಸಿ.

ಪ್ರಶ್ನೆ: ನನ್ನ ತಂಗಿಗೆ ಸ್ತನ ಕ್ಯಾನ್ಸರ್. ಡಾಕ್ಟರು ತಾಯಿ ಕಡೆ ಯಾರಿಗಾದರೂ ಇತ್ತಾ ಎಂದು ಮಾತ್ರ ಕೇಳಿದರು. ತಂದೆ ಕಡೆಯಿಂದ ಬರುವುದಿಲ್ಲವೇ? ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. (ಶಿರಸಿ)

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಬರುತ್ತದೆ. ಬಿಆರ್‌ಸಿಎ ಆಗಲಿ, ಎಚ್‌ಎಲ್‌ಎ ಆಗಲಿ, ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ. ತಂದೆಗೆ ಅಕ್ಕತಂಗಿಯರೇ ಇಲ್ಲದಿದ್ದರೆ ಆ ಕಡೆಯ ದೋಷ ಕಣ್ಣಿಗೆ ಬೀಳದೆ ಒಂದು ತಲೆಮಾರು ದಾಟಿಬಿಡುತ್ತದೆ. ನಿಮ್ಮ ಅಪ್ಪನ ಅಕ್ಕತಂಗಿಯರು, ಅಪ್ಪನ ತಾಯಿ, ಆ ಅಜ್ಜಿಯ ಅಕ್ಕತಂಗಿಯರು, ಎಲ್ಲರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಗಂಡಸರಲ್ಲಿ ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ ಅದನ್ನೂ ಬರೆಯಿರಿ. ‘ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದರು’ ಅಂತ ಹೇಳುವ ಅಜ್ಜಿಯರನ್ನು ಬಿಡಬೇಡಿ, ಎಷ್ಟೋ ಸಲ ಅದು ಅಂಡಾಶಯದ ಕ್ಯಾನ್ಸರ್ ಆಗಿರುತ್ತದೆ. ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಪಕ್ಕ ಕೂತು ಕೇಳಿ, ವಯಸ್ಸು ಸರಿಯಾಗಿ ನೆನಪಿರದಿದ್ದರೆ ‘ಯಾರ ಮದುವೆಗೆ ಮೊದಲು, ಯಾರು ಹುಟ್ಟಿದಮೇಲೆ’ ಎಂದು ಕೇಳಿದರೆ ಸಿಗುತ್ತದೆ. ಆ ಹಾಳೆ ಹಿಡಿದು ತಂಗಿಯ ಜೊತೆ ನೀವೇ ಡಾಕ್ಟರ ಹತ್ತಿರ ಹೋಗಿ, ಅವಳಿಗೆ ಮೊದಲು ಟೆಸ್ಟ್ ಮಾಡಿಸಿ. ದೋಷ ಸಿಕ್ಕರೆ ಆಮೇಲೆ ನೀವು ರಕ್ತ ಕೊಡಿ. ನಿಮ್ಮಲ್ಲಿ ಅದು ಇಲ್ಲವೆಂದು ಬಂದರೆ ಆ ದೋಷ ನಿಮ್ಮಿಂದ ಹೆಣ್ಣುಮಕ್ಕಳಿಗೆ ಹೋಗಿರುವುದಿಲ್ಲ.